ಐರೋಲಿಯಲ್ಲಿ ಇಳಿದ ಮೇಲೆ

ವಿಮಾನಗಳಿಗೆ ದಾರಿ ಹೇಳುವುದು ನನ್ನ ಕೆಲಸವಾಗಿತ್ತು. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿ, ವಿಮಾನ ನಿಲ್ದಾಣದ ರಾಡಾರ್ ಕೋಣೆಯಲ್ಲಿ ಕೂತು, ಇಳಿಯಲು ಬರುವ ವಿಮಾನಗಳನ್ನು ಸಾಲು ಹಿಡಿಸುತ್ತಿದ್ದೆ. ಅದಕ್ಕೆ ಎರಡು ಬಗೆ. ಒಂದು, ಮೊದಲೇ ಅಚ್ಚು ಹಾಕಿಟ್ಟ ದಾರಿ. ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರದಲ್ಲಿ ಎಂಬುದೆಲ್ಲ ಪೈಲಟ್ಟಿನ ಚಾರ್ಟಿನಲ್ಲೇ, ಅಂದರೆ ನಕ್ಷೆಯಲ್ಲೇ, ಇರುತ್ತದೆ, ನಾವು ಕಣ್ಣಿಟ್ಟಿದ್ದರೆ ಸಾಕು. ಇನ್ನೊಂದು ವೆಕ್ಟರ್. ಆ ದಾರಿ ಬಿಡಿಸಿ, ಎಡಕ್ಕೆ ತಿರುಗು, ಇಷ್ಟು ಡಿಗ್ರಿ ಹಿಡಿ ಎಂದು ನಾವೇ ಬಾಯಿಮಾತಿನಲ್ಲಿ ನಡೆಸುವುದು.

ನಾನು ವೆಕ್ಟರಿನಲ್ಲಿ ಪಳಗಿದವನು. ಒಂದೇ ಉಸಿರಿಗೆ ಐದಾರು ವಿಮಾನಗಳನ್ನು ತಿರುಗಿಸಿ ಒಂದರ ಹಿಂದೆ ಒಂದನ್ನು ಪೋಣಿಸುತ್ತಿದ್ದೆ, ಅದರಿಂದ ತಲೆಗೆ ಕೋಡು ಮೂಡಿತ್ತು. ಆಮೇಲಿನ ವರ್ಷಗಳಲ್ಲಿ ಅಚ್ಚಿನ ದಾರಿಗಳು ಹೆಚ್ಚುತ್ತ ಬಂದಾಗ ಗೊಣಗಿದವರಲ್ಲಿ ನಾನೇ ಮೊದಲಿಗ. ನಕ್ಷೆ ನೋಡಿಕೊಂಡು ಬರುವುದಾದರೆ ನಾವ್ಯಾಕೆ ಇಲ್ಲಿ, ಮಣ್ಣು ಹೊರಲಿಕ್ಕಾ ಎಂದು ಕೇಳುತ್ತಿದ್ದೆ.

ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಮೊದಲ ವಾರವೇ ಹೇಳಿದ್ದರು: "ದಾರಿ ಬಿಡಿಸಿದವನೇ ಮತ್ತೆ ದಾರಿಗೆ ಹಚ್ಚಬೇಕು. ನೀನು ಮರೆತರೆ, ಪಾಪ, ಆ ಪೈಲಟ್ಟಿಗೆ ಮುಂದೇನು ಅಂತ ಗೊತ್ತಿರೋದಿಲ್ಲ." ಕೆಲಸದ ಮೇಜಿನ ಮುಂದೆ ನಾನು ಒಂದು ಸಲವೂ ಮರೆಯಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ.

ಅಕ್ಕ ಭಾವ ಕಳವಾದಲ್ಲಿದ್ದರು. ಊರು ಬಿಟ್ಟು ಬಂದ ಹೊಸತರಲ್ಲಿ ಅವರ ಒಂದೇ ಕೋಣೆಯಲ್ಲಿ ನಾನೂ ಮೂರು ವರ್ಷ ಮಲಗಿದ್ದೆ. ಆ ಮೂರು ವರ್ಷದಲ್ಲಿ ಭಾವ ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಬೇಲಾಪುರದ ಒಂದು ಹೋಟೆಲಿನಲ್ಲಿ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಐವತ್ತೆರಡಕ್ಕೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿತು, ಮಾತು ಬಂತು, ಆದರೆ ದಿಕ್ಕು ಹೋಯಿತು. ಮನೆಯ ಕೆಳಗಿನ ಹಾಲಿನಂಗಡಿಗೆ ಹೋದವರಿಗೆ ವಾಪಸ್ಸು ಬರಲು ತಿಳಿಯುತ್ತಿರಲಿಲ್ಲ. ಒಂದು ವರ್ಷ ಅವರು ಕಿಟಕಿಯ ಪಕ್ಕ ಕೂತೇ ಕಳೆದರು.

ಅವರನ್ನು ಎಬ್ಬಿಸಿದ್ದು ಅಕ್ಕನ ಮಗಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ. ಅಂಗೈಯಗಲದ ಕಾರ್ಡಿನ ಮೇಲೆ ಅಪ್ಪನ ದಾರಿಯನ್ನು ಮರಾಠಿಯಲ್ಲೇ ಬರೆದಳು. ಕಳವಾದಲ್ಲಿ ಇಂಥ ಪ್ಲಾಟ್‌ಫಾರ್ಮ್, ಥಾಣೆಯಲ್ಲಿ ಇಳಿ, ಸೇತುವೆ ಹತ್ತು, ಪನವೇಲ್ ಗಾಡಿ ಹಿಡಿ, ಬೇಲಾಪುರದಲ್ಲಿ ಇಳಿ; ಆಮೇಲೆ ಹಾಗೆಯೇ ವಾಪಸ್ಸಿನ ದಾರಿ. ಕೊನೆಯ ಸಾಲು ಕೆಂಪು ಶಾಯಿಯಲ್ಲಿತ್ತು: ಗಾಡಿ ಇಲ್ಲದಿದ್ದರೆ ಅಲ್ಲೇ ಬೆಂಚಿನ ಮೇಲೆ ಕೂತು ಮನೆಗೆ ಫೋನು, ಬೇರೆಲ್ಲೂ ಹೋಗಬಾರದು. ಪ್ಲಾಸ್ಟಿಕ್ ಹಾಕಿಸಿ ಅಂಗಿಯ ಜೇಬಿಗಿಟ್ಟಳು. ಎರಡು ತಿಂಗಳು ಅವರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ತಾನೂ ಹೋಗಿ ಬಂದಳು. ಮೂರನೇ ತಿಂಗಳು ಭಾವ ಒಬ್ಬರೇ ಹೋದರು. ಹೋಟೆಲಿನ ಧಣಿಗಳು ಮಧ್ಯಾಹ್ನದ ಮೇಲೆ ಕೂಪನ್ ಹರಿಯುವ ಕೆಲಸ ಕೊಟ್ಟರು. ರಾತ್ರಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವರ ಮುಖ ನೋಡಬೇಕಿತ್ತು. ಅಕ್ಕ ಬೆನ್ನು ತಿರುಗಿಸಿ ಅತ್ತಳು.

ನಾನು ಮಾತ್ರ ನಕ್ಕಿದ್ದೆ. "ಎಂತ ಭಾವ, ನಿಮಗೂ ಚಾರ್ಟಾ? ದಾರಿ ತಪ್ಪಿದರೆ ನನಗೆ ಫೋನ್ ಮಾಡಿ. ಇಡೀ ಆಕಾಶಕ್ಕೇ ದಾರಿ ಹೇಳುವವ ನಾನು." ಅವರೂ ನಕ್ಕರು. ಆ ಮಾತನ್ನು ಅವರು ನಂಬಿದ್ದರು ಎಂದು ಆಗ ನನಗೆ ಹೊಳೆಯಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ನಾನು ಪಾಳಿಗೆ ಒಳಗೆ ಹೋಗುವುದರಲ್ಲಿದ್ದೆ. ಭಾವನ ಫೋನು ಬಂತು.

"ಥಾಣೆಯಲ್ಲಿದ್ದೇನೆ ಮಾರಾಯ. ಪನವೇಲ್ ಗಾಡಿ ಬಂದ್ ಅಂತೆ, ಹಳಿಗೆ ನೀರು. ಕಾರ್ಡಲ್ಲಿ ಕೂತ್ಕೊಳ್ಳಿ ಅಂತ ಉಂಟು. ಮನೆಗೆ ಫೋನ್ ಮಾಡ್ಲಾ?"

"ಬೇಡ ಭಾವ, ಅಕ್ಕ ಸುಮ್ಮನೆ ಹೆದರ್ತಾಳೆ. ಹೊರಗೆ ಬಂದು ಯಾರನ್ನಾದ್ರೂ ಕೇಳಿ ಐರೋಲಿ ಬಸ್ಸು ಹತ್ತಿ. ಐರೋಲಿ ನಾಕಾದಲ್ಲಿ ಇಳಿದು ನನಗೆ ಫೋನ್ ಮಾಡಿ."

"ಅಲ್ಲಿಂದ ಮುಂದೆ?"

"ಮುಂದಿಂದು ನಾನು ಹೇಳ್ತೇನೆ. ನೀವು ಹೊರಡಿ."

ಬೇಲಾಪುರದ ಬಸ್ಸಿಗೇ ಕಾಯಿರಿ ಎನ್ನಬಹುದಿತ್ತು. ಆದರೆ ಐರೋಲಿಗೆ ಬಸ್ಸು ಬೇಗ ಸಿಗುತ್ತದೆ, ಹತ್ತು ನಿಮಿಷ ಉಳಿಯುತ್ತದೆ ಎಂದು ನನ್ನ ಲೆಕ್ಕ. ಕೆಲಸದ ಚಟ, ಮತ್ತೇನಲ್ಲ. ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋದೆ. ರಾಡಾರ್ ಕೋಣೆಗೆ ಫೋನು ಒಯ್ಯುವಂತಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ವರ್ಷಗಟ್ಟಲೆ ದಿನಾ ಇಡುತ್ತಿದ್ದ ಫೋನು ಅದು.

ಆ ದಿನ ಮೋಡಗಳು ಅಚ್ಚಿನ ದಾರಿಗಳ ಮೇಲೆಯೇ ಕೂತಿದ್ದವು. ಎಲ್ಲ ವಿಮಾನಗಳನ್ನೂ ಬಿಡಿಸಿ ಕೈಯಾರೆ ತರಬೇಕಾಯಿತು. ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ. ನಾಲ್ಕು ಗಂಟೆಗೆ ಬಿಡುವು ಸಿಕ್ಕಿತು. ಲಾಕರಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು ಚಹಾ ಕುಡಿದೆ, ಮೋಡದ ಸಂದಿಯಲ್ಲಿ ವಿಮಾನ ನುಗ್ಗಿಸಿದ್ದನ್ನು ಜೊತೆಯವರಿಗೆ ಕೈ ಬೀಸಿ ವರ್ಣಿಸಿದೆ, ಒಳಗೆ ಹೋದೆ. ಭಾವನ ನೆನಪೇ ಬರಲಿಲ್ಲ. ಕೆಲಸದ ಒತ್ತಡ ಎಂದು ಆಮೇಲೆ ಎಲ್ಲರೂ ನನಗೆ ಸಮಾಧಾನ ಹೇಳಿದರು. ಚಹಾ ಕುಡಿಯುವವನಿಗೆ ಎಂಥ ಒತ್ತಡ?

ಪಾಳಿ ಮುಗಿಸಿ ಫೋನು ತೆಗೆದಾಗ ಭಾವನ ಹನ್ನೊಂದು ಕರೆಗಳಿದ್ದವು. ಕೊನೆಯದು ಐದಕ್ಕೆ ಹತ್ತು ನಿಮಿಷವಿರುವಾಗ. ಅದರ ಮೇಲೆ ಅಕ್ಕನ ಮಗಳ ಕರೆಗಳು ತುಂಬಿಕೊಂಡಿದ್ದವು.

ಐರೋಲಿ ನಾಕಾದಲ್ಲಿ ಅವರು ಮಳೆಯಲ್ಲಿ ಎರಡೂವರೆ ತಾಸು ನಿಂತಿದ್ದರಂತೆ. ಅಲ್ಲಿನ ಪಾನ್ ಅಂಗಡಿಯವನು ಹೇಳಿದ್ದು. "ಒಳಗೆ ಬನ್ನಿ ಅಂದೆ, ಬರಲಿಲ್ಲ. ಇಲ್ಲೇ ಇಳಿಯೋಕೆ ಹೇಳಿದ್ದಾರೆ, ಫೋನ್ ಬರುತ್ತೆ ಅಂದರು" ಎಂದು ಅವನು ಹಿಂದಿಯಲ್ಲಿ ಎರಡೆರಡು ಸಲ ಹೇಳಿದ. ಐದರ ಹೊತ್ತಿಗೆ ಎದುರು ಬದಿಯಲ್ಲಿ ಥಾಣೆಯ ಬೋರ್ಡು ಹಾಕಿದ ಬಸ್ಸೊಂದು ಬಂದು ನಿಂತಿದೆ. ಥಾಣೆ ಕಾರ್ಡಿನಲ್ಲಿದ್ದ ಹೆಸರು. ಅವರು ರಸ್ತೆಗೆ ಇಳಿದರು. ಟ್ಯಾಂಕರಿನವನು ಬ್ರೇಕು ಹಾಕಿದ್ದು ಆಮೇಲೆ.

ಹದಿಮೂರನೇ ದಿನ ಬಂದವರೆಲ್ಲ ಹಣೆಬರಹ ಎಂದರು. ನನಗೆ ಮೈ ಉರಿಯಿತು. ಹಣೆಯ ಮೇಲೆ ಬ್ರಹ್ಮ ಬರೆದದ್ದು ಯಾರಿಗೆ ಗೊತ್ತು, ಜೇಬಿನ ಕಾರ್ಡಿನಲ್ಲಿ ಮಗಳು ಬರೆದದ್ದು ಸರಿಯಾಗಿಯೇ ಇತ್ತು. ಅದನ್ನು ಅಳಿಸಿದವನು ನಾನು.

ಎಲ್ಲರೂ ಹೋದ ಮೇಲೆ ಅಕ್ಕ ಆಸ್ಪತ್ರೆಯವರು ಕೊಟ್ಟ ಪೊಟ್ಟಣ ಬಿಚ್ಚಿದಳು. ಕಾರ್ಡಿನ ಪ್ಲಾಸ್ಟಿಕ್ಕಿಗೆ ನೀರು ಇಳಿದಿರಲಿಲ್ಲ. ಅದರ ಹಿಂದೆ ಬಸ್ಸಿನ ಟಿಕೇಟು ಅಂಟಿಕೊಂಡಿತ್ತು. ಟಿಕೇಟಿನ ಬೆನ್ನಿಗೆ ಭಾವನ ಸೊಟ್ಟ ಅಕ್ಷರ, ಕನ್ನಡದಲ್ಲಿ: ಐರೋಲಿ ಇಳಿಯುವುದು. ಮುಂದಿನದ್ದು ಅವನು ಹೇಳುತ್ತಾನೆ.

ಅಕ್ಕ ನನ್ನನ್ನು ಬೈಯಲಿಲ್ಲ. ಟಿಕೇಟನ್ನು ನನ್ನ ಕೈಗೆ ಕೊಟ್ಟು, ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದಳು: "ಮುಂದೆ ಎಂತ ಹೇಳ್ಬೇಕು ಅಂತಿದ್ದೆ ನೀನು?"

ಹೇಳಿದೆ. ರಸ್ತೆ ದಾಟಬೇಡಿ, ನಿಂತಲ್ಲಿಗೇ ಬೇಲಾಪುರದ ಬಸ್ಸು ಬರುತ್ತದೆ. ಅಷ್ಟೇ ಇದ್ದದ್ದು.