ಬಂದೂಕ ಕಾಕಾ ಮತ್ತು ನನ್ನ ಬಾಗಿಲ ಬೋರ್ಡು

ಭೀಮಶಾ ಕಾಕಾ ತಾವು ಕೂರುವ ಮೊದಲು ಬಂದೂಕನ್ನು ಕೂರಿಸುತ್ತಿದ್ದರು. ಸೇಡಂ ಬಸ್‌ಸ್ಟ್ಯಾಂಡಿನ ಎದುರು ನನ್ನ ಚಹಾದ ಹೋಟೆಲು. ಅಲ್ಲಿ ಮೂಲೆಯ ಟೇಬಲ್ಲು ಅವರದು. ಪಕ್ಕದ ಕುರ್ಚಿಗೆ ಜೋಡುನಳಿಗೆಯ ಬಂದೂಕು ಒರಗಿಸಿ, ಅದರ ಪಟ್ಟಿಯನ್ನು ಕುರ್ಚಿಯ ಕೈಗೆ ಎರಡು ಸುತ್ತು ಸುತ್ತಿ, ಆಮೇಲೆ ನನ್ನ ಕಡೆ ತಿರುಗಿ, "ಮಾಲಕ್, ಇಬ್ಬರಿಗೂ ಕೂಡಿ ಒಂದು ಚಾ ಕೊಡು" ಎನ್ನುತ್ತಿದ್ದರು.

ಅವರು ಪಕ್ಕದ ಬ್ಯಾಂಕಿನ ಗನ್‌ಮ್ಯಾನ್. ಬಂದೂಕು ಸ್ವಂತದ್ದು, ಲೈಸೆನ್ಸೂ ಅವರ ಹೆಸರಿನದೇ. ಊರ ಜನ ಅವರ ಹೆಸರು ಮರೆತೇಬಿಟ್ಟಿದ್ದರು. ದೂರದಲ್ಲಿ ಕಂಡರೆ ಸಾಕು, "ಬಂದೂಕ ಬಂತು ನೋಡು" ಅನ್ನುತ್ತಿದ್ದರು. ಕಾಕಾಗೆ ಅದರ ಬೇಸರವಿರಲಿಲ್ಲ. "ಇಪ್ಪತ್ತು ವರ್ಷದಾಗ ಒಂದು ಗುಂಡು ಹಾರಿಸಿಲ್ಲ. ಹಾರಿಸಿಲ್ಲಂತನೇ ಪಗಾರ ಕೊಡ್ತಾರ" ಎಂದು ಮೀಸೆಯಲ್ಲೇ ನಗುತ್ತಿದ್ದರು.

ಎಲೆಕ್ಷನ್ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಿತ್ತು. ಆ ದಿನಗಳಲ್ಲಿ ಅವರು ಎಡಗೈ ಎಲ್ಲಿಡಬೇಕೆಂದು ತಿಳಿಯದವರಂತೆ ಬರುತ್ತಿದ್ದರು.

"ಹೆಗಲು ಹಗುರ ಆತೇನ್ರಿ ಕಾಕಾ?" ಎಂದು ಒಮ್ಮೆ ಚುಡಾಯಿಸಿದೆ.

"ಹಗುರ ಏನು ಬಂತು ಮಾಲಕ್. ರೂಮಿಗೆ ಹೋದ್ರ ಮಾತಾಡ್ಲಾಕ ಯಾರೂ ಇಲ್ಲ."

ನಾನು ನಕ್ಕೆ. ಅವರ ಹೆಂಡತಿ ತೀರಿ ಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ, ಕುರಕುಂಟಾದಲ್ಲಿ ಅಣ್ಣನ ಮನೆ ಒಂದಿತ್ತು ಅಷ್ಟೆ. ಅದು ತಮಾಷೆಯ ಮಾತಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಟೆಲು ಬಿಕೋ ಎನ್ನುತ್ತಿತ್ತು. ಆಗ ನನ್ನ ಜೊತೆ ಮಾತಿಗಿದ್ದವರೂ ಅವರೊಬ್ಬರೇ.

ಒಂದು ದಿನ ಪಟ್ಟಿ ಸಡಿಲಾಗಿ ಬಂದೂಕು ಜಾರಿ ಫರ್ಸಿ ನೆಲದ ಮೇಲೆ ದಡಾರನೆ ಬಿತ್ತು. ಸುಸ್ಲಾ ತಿನ್ನುತ್ತಿದ್ದ ಮಾಸ್ತರರೊಬ್ಬರು ತಟ್ಟೆ ಸಮೇತ ಟೇಬಲ್ಲಿನ ಕೆಳಗೆ ಹೋದರು. "ಗುಂಡು ನನ್ನ ಕಿಸೆದಾಗ ಅವ, ಹೊರಗ ಬರ್ರಿ ಮಾಸ್ತರ" ಎಂದರು ಕಾಕಾ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಕೂಸನ್ನು ಎತ್ತಿಕೊಂಡಿದ್ದ ಹೆಣ್ಣುಮಗಳೊಬ್ಬಳು ಚಹಾ ಅಲ್ಲೇ ಬಿಟ್ಟು ಎದ್ದು ಹೋದಳು. ಅದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಊರಿನ ಕಲ್ಯಾಣ ಮಂಟಪದ ಬಾಗಿಲಿಗೆ ಆಗಲೇ ಬಂದೂಕು ಬೇಡವೆಂಬ ಬೋರ್ಡು ಬಂದಿತ್ತು. ನಾನೂ ಫ್ಲೆಕ್ಸ್ ಅಂಗಡಿಗೆ ಫೋನು ಮಾಡಿ, "ಬಂದೂಕು ಒಳಗೆ ತರಬಾರದು" ಎಂದು ಬರೆಯಲು ಹೇಳಿದೆ. ಲೈಸೆನ್ಸಿನ ಬಂದೂಕನ್ನು ಬೇರೆಯವರ ಕೈಗೆ ಕೊಡುವಂತಿಲ್ಲ, ಆದ್ದರಿಂದ ಕಾಕಾಗೆಂದು ಹೊರಗೆ ತಗಡಿನ ನೆರಳಲ್ಲಿ ಒಂದು ಕುರ್ಚಿ ಹಾಕಿಸಿದೆ. ಅವರಿಗೆ ಮೊದಲೇ ಒಂದು ಮಾತು ಹೇಳುವ ಕೆಲಸವೊಂದು ಉಳಿಯಿತು. ನಾಳೆ ಹೇಳಿದರಾಯಿತು ಅಂದುಕೊಂಡೆ.

ಫ್ಲೆಕ್ಸು ಬಂತು. "ಬಂದೂಕು ಒಳಗೆ ಬರಬಾರದು" ಎಂದಿತ್ತು! 'ತ' ಇರಬೇಕಾದಲ್ಲಿ 'ಬ'. ನೋಡಿ ನನಗೂ ನಗು ಬಂತು. ಜನಕ್ಕೆ ಅರ್ಥ ಆದರೆ ಸಾಕೆಂದು ಕಟ್ಟಿಸಿಬಿಟ್ಟೆ.

ಮಾರನೆಯ ದಿನ ಕಾಕಾ ಬಂದು ಬಾಗಿಲಲ್ಲಿ ನಿಂತರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಒಳಗಿನಿಂದ ಯಾರೋ, "ಕಾಕಾ, ನಿಮ್ಮ ಹೆಸರ ಹಾಕಿ ಬರದಾರ ನೋಡ್ರಿ!" ಎಂದು ಕೂಗಿದರು. ಹೋಟೆಲು ಹೋಟೆಲೇ ನಕ್ಕಿತು. ಹೊರಗಿನ ಕುರ್ಚಿ ತೋರಿಸುವುದು ಬಿಟ್ಟು ನಾನೂ ನಕ್ಕೆ. ಕಾಕಾ ನನ್ನ ಮುಖ ನೋಡಿದರು. ಆಮೇಲೆ ರಸ್ತೆ ದಾಟಿ ಎದುರಿನ ಬಂಡಿಯ ಹತ್ತಿರ ಹೋಗಿ ಚಹಾ ಕುಡಿದರು, ನಿಂತುಕೊಂಡೇ.

ವಾರದಲ್ಲಿ ಬೋರ್ಡು ಬಿಚ್ಚಿಸಿದೆ. ಅವರು ಬರಲಿಲ್ಲ. ದಿನಾ ಮೂರಕ್ಕೆ ಆ ಕಡೆ ಅವರು, ಈ ಕಡೆ ನಾನು. ಇಪ್ಪತ್ತು ಹೆಜ್ಜೆಯ ರಸ್ತೆ. ತಪ್ಪು ನನ್ನದೆಂದು ಗೊತ್ತಿತ್ತು, ಆದರೂ ನಾನೇ ಯಾಕೆ ಹೋಗಲಿ ಎಂಬ ಸೊಕ್ಕು. ಹೀಗೇ ಎರಡು ತಿಂಗಳು ಕಳೆದು, ಅವರನ್ನು ವಾಡಿ ಊರಿನ ಬ್ಯಾಂಕಿಗೆ ಹಾಕಿದರೆಂದು ಬಂಡಿಯವನಿಂದ ತಿಳಿಯಿತು. ಅಂದಿನಿಂದ ಮೂರು ಗಂಟೆ ಅನ್ನುವುದು ನನಗೆ ಬಲು ಉದ್ದವಾಯಿತು.

ವರ್ಷ ಕಳೆದ ಮೇಲೆ ಒಂದು ದಿನ ಅಂಗಡಿ ಮುಚ್ಚಿ ವಾಡಿಗೆ ಹೋದೆ. ಕಾಕಾ ಬ್ಯಾಂಕಿನ ಬಾಗಿಲಲ್ಲಿ ಕೂತಿದ್ದರು. ಮೀಸೆ ಪೂರಾ ಬೆಳ್ಳಗಾಗಿತ್ತು.

"ಬರ್ರಿ ಮಾಲಕ್ರ, ಕುಂದ್ರಿ" ಎಂದರು.

ಅವರ ಬಾಯಲ್ಲಿ ನನಗೆ ಬಹುವಚನ ಕೇಳಿದ್ದು ಅದೇ ಮೊದಲು. ಕೂರದೆಯೇ ಹೇಳಿದೆ: "ಕಾಕಾ, ಅದು ಫ್ಲೆಕ್ಸಿನವನ ತಪ್ಪುರಿ. ತರಬಾರದು ಅಂತ ಹೇಳಿದ್ದೆ, ಬರಬಾರದು ಅಂತ ಹೊಡದಾನ."

"ಗೊತ್ತಾಗಿತ್ರಿ. ಒಂದ ಅಕ್ಷರ ಅಲ್ಲೇನ್ರಿ?" ಎಂದರು ಕಾಕಾ. "ಅದನ್ನ ಹೇಳ್ಲಾಕ ನೀವು ರಸ್ತಾ ದಾಟಿ ಬರ್ತೀರಂತ ದಿನಾ ಅಲ್ಲೇ ನಿಂದರ್ತಿದ್ದೆ. ಇಲ್ಲಂದ್ರ ಆ ಬಂಡಿ ಚಾ ಯಾವನು ಕುಡೀತಾನ್ರಿ!"

"ಸೇಡಂಗ ಬರ್ರಿ ಕಾಕಾ. ಬಂದೂಕ ಸಮೇತ ಬರ್ರಿ" ಎಂದೆ.

ಒಳಗಿನಿಂದ ಯಾರೋ ಅವರನ್ನು ಕರೆದರು. "ಬರ್ತೀನ್ರಿ" ಎಂದು ಎದ್ದು ಹೋದರು.

ನಮ್ಮ ಕಡೆ ಹೋಗುವವರೂ ಹಾಗೇ ಅನ್ನುತ್ತಾರೆ. ನಾನು ಅದನ್ನು ಬರುವ ಮಾತೆಂದೇ ಹಿಡಿದು, ಕುರಕುಂಟಾದ ಅಣ್ಣನ ಮನೆಯಿಂದ ಕಾಕಾ ತೀರಿದರು, ಮಣ್ಣಿಗೆ ಬರ್ರಿ ಎಂಬ ಸುದ್ದಿ ಬರುವವರೆಗೂ, ಮೂಲೆಯ ಟೇಬಲ್ಲಿಗೆ ಯಾರನ್ನೂ ಕೂರಲು ಬಿಡಲಿಲ್ಲ.