ಇನ್ಶಿರಾ ಸಿಂಗರಿಸಿದ ಮನೆಗಳು

ವಗ್ದಿ ಕೆಟ್ಟ ಮನುಷ್ಯನಲ್ಲ. ಮುಹರ್ರಮ್ ಬೇ ಬಡಾವಣೆಯ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಅಲೆಕ್ಸಾಂಡ್ರಿಯಾ ಬಂದರಿನ ಸುಂಕದ ಕಚೇರಿಯಲ್ಲಿ ಗುಮಾಸ್ತ. ಸಂಜೆ ಆಫೀಸು ಬಿಟ್ಟರೆ ಕಾಫಿ ಅಂಗಡಿಯಲ್ಲಿ ಸ್ನೇಹಿತರ ಜೊತೆ ಒಂದೆರಡು ಆಟ ಪಗಡೆ, ಆಮೇಲೆ ಸೀದಾ ಮನೆ. ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ, ಮಗಳ ಓದಿಗೆ ಅಡ್ಡ ಬಂದವನಲ್ಲ. ಅವನಿಗಿದ್ದ ಹಟವೆಂದರೆ ಒಂದೇ: ತನ್ನ ಮನೆ ನಾಲ್ಕು ಜನರ ಮನೆಯ ಹಾಗೆ ಇರಬೇಕು. ಅವನ ಹೆಂಡತಿ ಇನ್ಶಿರಾಳಿಗೋ, ಮನೆ ಯಾರ ಮನೆಯ ಹಾಗೂ ಇರಬಾರದು.

ಇನ್ಶಿರಾ ಅನ್ಫೂಶಿ ಕಡಲದಂಡೆಯಲ್ಲಿ ದೋಣಿ ಕಟ್ಟುತ್ತಿದ್ದವನ ಮಗಳು. ಮರದ ಹೊಟ್ಟು, ಟಾರು, ಬಣ್ಣದ ಡಬ್ಬಿಗಳ ನಡುವೆ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲೇ ತವರಿಗೆ ಹೋದವಳು ಉಳಿದ ಬಣ್ಣವನ್ನು ಡಬ್ಬಿಯ ಸಮೇತ ಹೊತ್ತು ತಂದು ಅಡುಗೆಮನೆಯ ಕಪಾಟಿಗೆಲ್ಲ ಕಡುನೀಲಿ ಬಳಿದು, ಅಂಚಿಗೆ ಕಿತ್ತಳೆ ಗೆರೆ ಎಳೆದಳು. ಆಫೀಸಿನಿಂದ ಬಂದ ವಗ್ದಿ ಬಾಗಿಲಲ್ಲೇ ನಿಂತುಬಿಟ್ಟ.

“ಇದೇನೇ ಇದು? ಅಡುಗೆಮನೇನ ನೀರಿಗಿಳಿಸ್ತೀಯೇನು?”

“ಇಳಿಸ್ತೀನಿ. ಹತ್ತೋ ಹಾಗಿದ್ರೆ ಹತ್ತು. ಇಲ್ಲಾಂದ್ರೆ ದಡದಲ್ಲಿ ನಿಂತು ಕೈ ಬೀಸು,” ಅಂದಳು ಇನ್ಶಿರಾ, ಮೂಗಿನ ಮೇಲಿನ ನೀಲಿ ಬಣ್ಣವನ್ನು ತೋಳಿಂದ ಒರೆಸಿಕೊಳ್ಳುತ್ತ.

ಆಗ ಅವನೂ ನಕ್ಕಿದ್ದ.

ಶುಕ್ರವಾರದ ಸಂತೆ ಅವಳ ಪಾಲಿಗೆ ಹಬ್ಬ. ಬೆಳಕು ಹರಿಯುವುದೇ ತಡ, ಚೀಲ ಹಿಡಿದು ಹೊರಡುತ್ತಿದ್ದಳು. ಊರಲ್ಲಿದ್ದ ಗ್ರೀಕರು, ಇಟಲಿಯವರು ಒಬ್ಬೊಬ್ಬರೇ ಮನೆ ಮಾರಿ ಹೋದ ಮೇಲೆ ಅವರ ಸಾಮಾನೆಲ್ಲ ಆ ಸಂತೆಯ ನೆಲಕ್ಕೂ ಅತ್ತಾರೀನ್ ಬೀದಿಯ ಹಳೇ ಅಂಗಡಿಗಳಿಗೂ ಬಂದು ಬೀಳುತ್ತಿತ್ತು. ಕಾಲು ಮುರಿದ ದೀಪ, ಬಾಗಿಲಿಲ್ಲದ ಬೀರು, ಒಂಟಿಯಾದ ಪಿಂಗಾಣಿ ಬಟ್ಟಲು. ಮುರಿದದ್ದು ಇನ್ಶಿರಾಳ ಕಣ್ಣಿಗೆ ಮುರಿದದ್ದಾಗಿ ಕಾಣುತ್ತಿರಲಿಲ್ಲ. ಕಡೆದ ಮರದ ಜಾಲಂದ್ರದ ತುಂಡೊಂದು ಸಿಕ್ಕರೆ ಅದು ಅವಳ ಮನೆಯಲ್ಲಿ ಪುಸ್ತಕದ ಹಲಗೆಯಾಗುತ್ತಿತ್ತು. ದೋಣಿಯ ಹರಿದ ಹಾಯಿಬಟ್ಟೆಯನ್ನು ತೊಳೆದು ದಿಂಬಿನ ಚೀಲ ಹೊಲಿದು, ಅದರ ಮೇಲೆ ಬಣ್ಣದ ಬಟ್ಟೆಯ ಮೀನುಗಳನ್ನು ಕತ್ತರಿಸಿ ಕೂರಿಸಿದ್ದಳು. ಯಾವುದೋ ಹಳೇ ಬಂಗಲೆ ಕೆಡವಿದಾಗ ಸಿಕ್ಕ ಬಣ್ಣದ ಗಾಜಿನ ಚೂರುಗಳನ್ನು ಒಂದು ಚಳಿಗಾಲವಿಡೀ ಕೂತು ಜೋಡಿಸಿ, ಊಟದ ಕೋಣೆಯ ಕಿಟಕಿಗೆ ಕೂರಿಸಿದ್ದಳು. ಬೆಳಗಿನ ಬಿಸಿಲು ಅದರೊಳಗಿಂದ ಹಾದು ಮೇಜಿನ ಮೇಲೆ ಬಿದ್ದರೆ, ಮಗಳು ನಗ್ಲಾ ತನ್ನ ಹಾಲಿನ ಲೋಟವನ್ನು ಒಂದು ಬಣ್ಣದಿಂದ ಇನ್ನೊಂದಕ್ಕೆ ಸರಿಸುತ್ತ ಶಾಲೆಗೆ ಹೊತ್ತು ಮಾಡಿಕೊಳ್ಳುತ್ತಿದ್ದಳು.

ರಜೆ ಬಂದರೆ ಗಂಡನನ್ನೂ ಎಳೆದುಕೊಂಡು ಹೊರಡುವಳು. ರಶೀದ್ ಪಟ್ಟಣದ ಹಳೇ ಮನೆಗಳನ್ನು ನೋಡಲು ಹೋದಾಗ ವಗ್ದಿ ನೆರಳು ಹುಡುಕಿ ಕೂತು ಬೇಯಿಸಿ ಮಸೆದ ಕಾಳಿನ ಫೂಲ್ ತುಂಬಿದ ರೊಟ್ಟಿ ತಿಂದ. ಇವಳು ಬಿಸಿಲಲ್ಲೇ ನಿಂತು, ಕೆಂಪು ಇಟ್ಟಿಗೆ ಕಪ್ಪು ಇಟ್ಟಿಗೆ ಒಂದರ ಪಕ್ಕ ಒಂದು ಹೇಗೆ ಕೂತಿವೆ ಎಂದು ಬೆರಳಲ್ಲಿ ಗಾಳಿಯ ಮೇಲೆ ಬರೆಯುತ್ತಿದ್ದಳು. ಹಿಂದಿರುಗುವಾಗ ಬಸ್ಸಿನಲ್ಲಿ ಅವನ ಮೊಣಕೈ ತಿವಿದು, “ನಮ್ಮ ಪರದೆ ಅಂಚಿಗೆ ಅದೇ ಇಟ್ಟಿಗೆ ಸಾಲು ಹೊಲೀತೀನಿ, ನೋಡ್ತಿರು,” ಅಂದಳು. ಅವನಿಗೆ ಆಗಲೇ ತೂಕಡಿಕೆ.

ಹೀಗೆ ವರ್ಷಗಳು ಕಳೆದಂತೆ ವಗ್ದಿಯ ನಗು ತೆಳ್ಳಗಾಯಿತು. ಆಫೀಸಿನವರು ಮನೆಗೆ ಬಂದರೆ ಕಣ್ಣರಳಿಸಿ ಸುತ್ತ ನೋಡುತ್ತಿದ್ದರು. ಅದು ಮೆಚ್ಚುಗೆಯೋ ಗೇಲಿಯೋ ಅವನಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಪಗಡೆಯ ಜೊತೆಗಾರ ಫಾರೂಖ್, “ನಿನ್ನ ಮನೇಲಿ ಕೂತ್ರೆ ಬಂದರಿನ ಗೋದಾಮಿನಲ್ಲಿ ಕೂತ ಹಾಗಾಗುತ್ತೆ ಕಣೋ. ಸುಂಕ ಕಟ್ಟಿದೀಯೋ ಇಲ್ವೋ?” ಅಂದ. ಎಲ್ಲರೂ ನಕ್ಕರು. ವಗ್ದಿಯೂ ನಕ್ಕ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ಕೂತಿತು.

ನಗ್ಲಾಳಿಗೆ ಗಂಡು ಗೊತ್ತಾದದ್ದು ಆಗಲೇ. ಹುಡುಗ ಎಂಜಿನಿಯರು, ಮನೆತನ ಒಳ್ಳೆಯದು, ಹುಡುಗನ ತಂದೆತಾಯಿ ಮಾತುಕತೆಗೆ ಬರುವವರಿದ್ದರು. ಅದೇ ವಾರ ಇನ್ಶಿರಾಳ ಅಕ್ಕನಿಗೆ ಹುಷಾರಿಲ್ಲವೆಂದು ತಂತಾ ಊರಿನಿಂದ ಕರೆ ಬಂತು. ಮಗಳನ್ನೂ ಕರೆದುಕೊಂಡು ಅವಳು ಹೋದಳು. ವಗ್ದಿ ಒಬ್ಬನೇ ಉಳಿದ. ಮರಗೆಲಸಕ್ಕೆ ಹೆಸರಾದ ದಮಿಯಾತದಿಂದ ಚಿನ್ನದ ಬಣ್ಣದ ಕೆತ್ತನೆಯ ಸೋಫಾ, ಕುರ್ಚಿಗಳು, ಕನ್ನಡಿಯಂಥ ಮೇಜು ತರಿಸಿದ. ಆ ಕಾಲದಲ್ಲಿ ಅಂಥ ಸಾಮಾನಿಲ್ಲದ ಮನೆಗೆ ಬೀಗರು ಬಂದು ಕೂರುವುದೆಂದರೆ ಅವನಿಗೆ ತಲೆ ತಗ್ಗಿಸುವ ಸಂಗತಿ. ಹೊಸದು ಬಂದ ಮೇಲೆ ಹಳೆಯದಕ್ಕೆ ಜಾಗವೆಲ್ಲಿ? ಬೀದಿಯಲ್ಲಿ ಕತ್ತೆಗಾಡಿ ಹೊಡೆದುಕೊಂಡು “ರೋಬಾಬೇಕ್ಯಾ!” ಎಂದು ಕೂಗುತ್ತ ಬಂದ ಹಳೇ ಸಾಮಾನಿನವನನ್ನು ಮೇಲಕ್ಕೆ ಕರೆದ.

“ಮನೆ ಖಾಲಿ ಮಾಡ್ತಿದೀರಾ ಸಾಹೇಬ್ರೆ?”

“ಇಲ್ಲಪ್ಪ. ಇವಾಗ ಮನೆ ಮಾಡ್ತಿದೀನಿ.”

ದೀಪ ಹೋಯಿತು, ಜಾಲಂದ್ರದ ಹಲಗೆ ಹೋಯಿತು, ಮೀನಿನ ದಿಂಬುಗಳು ಹೋದವು. ಕಿಟಕಿಯ ಗಾಜಿನ ಮುಂದೆ ಬಂದಾಗ ಗಾಡಿಯವನು ಕೈ ಹಿಂದೆಗೆದ. “ಇದನ್ನೂನಾ? ಯಾರೋ ಕೂತು ಮಾಡಿದ ಹಾಗಿದೆಯಲ್ಲ ಸಾಹೇಬ್ರೆ?”

“ಕೂತು ಮಾಡಿದ್ದಾರೆ. ಮಾಡೋಕೆ ಬೇರೆ ಕೆಲಸ ಇರ್ಲಿಲ್ಲ. ತಗೊಂಡು ಹೋಗು.”

ಆಮೇಲೆ ಪೇಂಟರನ್ನು ಕರೆಸಿ ನೀಲಿ ಕಪಾಟಿಗೂ ಬಿಳಿ ಬಳಿಸಿದ.

ಇನ್ಶಿರಾ ತಂತಾದ ಹುರಿಗಡಲೆ, ಹಲ್ವಾದ ಪೊಟ್ಟಣ ಹಿಡಿದು ಒಳಗೆ ಬಂದಳು. ಹೊಸ ಸೋಫಾ ನೋಡಿದಳು. ಊಟದ ಕೋಣೆಗೆ ಹೋದಳು. ಬರಿಯ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ವಗ್ದಿ ಜಗಳಕ್ಕೆ ತಯಾರಾಗಿಯೇ ಇದ್ದ. ಮಗಳ ಭವಿಷ್ಯ, ಬೀಗರ ಮರ್ಯಾದೆ, ನಾಲ್ಕು ಜನರ ಬಾಯಿ, ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಪಾಠ ಮಾಡಿಕೊಂಡಿದ್ದ. ಅವಳು ಪೊಟ್ಟಣವನ್ನು ಹೊಸ ಮೇಜಿನ ಮೇಲೆ ಇಟ್ಟು, ಗೀರು ಬಿದ್ದೀತೆಂದು ಮತ್ತೆ ಎತ್ತಿಕೊಂಡು, “ಚಹಾ ಇಡ್ತೀನಿ,” ಅಂದಳು. ವಗ್ದಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಹಾ ಆಗುವ ಮೊದಲೇ ಚಪ್ಪಲಿ ಮೆಟ್ಟಿ ಕಾಫಿ ಅಂಗಡಿಗೆ ಹೋಗಿಬಿಟ್ಟ.

ಬೀಗರು ಬಂದರು. ಹುಡುಗನ ತಾಯಿ ಚಿನ್ನದ ಕುರ್ಚಿಯ ಅಂಚಿನಲ್ಲಿ ಕೂತು ಸುತ್ತ ನೋಡಿದಳು. “ನಗ್ಲಾ ಹೇಳ್ತಿದ್ಲು, ನಮ್ಮಮ್ಮ ಕಿಟಕಿಗೆ ಬಣ್ಣದ ಗಾಜು ಜೋಡಿಸಿದಾರೆ ಅಂತ. ನೋಡ್ಬೇಕು ಅಂತಾನೇ ಬಂದೆ. ಎಲ್ಲಿದೆ ತಂಗಿ?”

ವಗ್ದಿಯ ಕೈಯಲ್ಲಿದ್ದ ಶರಬತ್ತಿನ ಲೋಟ ಅಲ್ಲೇ ನಿಂತಿತು. ಇನ್ಶಿರಾ ಬಸ್ಬೂಸಾ ಸಿಹಿಯ ತಟ್ಟೆಯನ್ನು ಬೀಗಿತ್ತಿಯ ಕಡೆಗೆ ಸರಿಸಿ, “ಅಯ್ಯೋ, ಅದು ಮೊನ್ನೆ ಗಾಳಿಗೆ ಒಡೆದುಹೋಯ್ತು ಅಕ್ಕ. ತಗೊಳ್ಳಿ, ಬಿಸಿಯಾಗಿದೆ,” ಅಂದಳು. ನಗ್ಲಾ ಮಾತ್ರ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಮದುವೆ ಚೆನ್ನಾಗಿಯೇ ಆಯಿತು. ನಗ್ಲಾ ಗಂಡನ ಜೊತೆ ಸುಯೆಜ್‌ಗೆ ಹೋದಳು. ಮನೆ ವಗ್ದಿ ಬಯಸಿದ ಹಾಗೆಯೇ ಉಳಿಯಿತು. ಇನ್ಶಿರಾ ದಿನವೂ ಕುರ್ಚಿಗಳ ಧೂಳು ಒರೆಸಿ, ಮೇಲೆ ಬಿಳಿ ಬಟ್ಟೆ ಹೊದಿಸುತ್ತಿದ್ದಳು. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಮಾತ್ರ, “ಮೇಲೆ ಅಫೀಫಾ ಮನೆಗೆ ಹೋಗ್ಬರ್ತೀನಿ,” ಅನ್ನುವಳು. ಅಫೀಫಾ ಮೇಲಿನ ಮಹಡಿಯ ವಿಧವೆ, ಹೊಲಿಗೆಯವಳು. ಹೆಂಗಸರ ಮಾತು ಮುಗಿಯುವಂಥದ್ದಲ್ಲವೆಂದು ವಗ್ದಿ ಹೂಂಗುಟ್ಟುತ್ತಿದ್ದ. ಹೆಂಡತಿಗೆ ಕೊನೆಗೂ ಬುದ್ಧಿ ಬಂತು ಎಂದು ಫಾರೂಖನ ಮುಂದೆ ಹೇಳಿಕೊಂಡದ್ದೂ ಉಂಟು.

ಅವನು ನಿವೃತ್ತನಾದ ಮೇಲೆ, ಅಫೀಫಾಳ ಮಗ ಕುವೈತಿನಿಂದ ಬಂದು ನಿಶ್ಚಿತಾರ್ಥ ಮಾಡಿಕೊಂಡ. ಇಡೀ ಕಟ್ಟಡಕ್ಕೆ ಕರೆ. ವಗ್ದಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಷ್ಟೋ ವರ್ಷದ ನೆರೆಯವಳ ಮನೆಗೆ ಮೊದಲ ಬಾರಿ ಕಾಲಿಟ್ಟ.

ಒಳಗೆ ಕಾಲಿಟ್ಟವನಿಗೆ ತಾನು ಎಲ್ಲಿಗೆ ಬಂದೆ ಎನ್ನುವುದೇ ಮರೆಯಿತು. ಗೋಡೆಯೊಂದಕ್ಕೆ ಒಡೆದ ಪಿಂಗಾಣಿ ತಟ್ಟೆಗಳ ಚೂರಿನಲ್ಲಿ ಮಾಡಿದ ದೊಡ್ಡದೊಂದು ದಾಳಿಂಬೆ ಮರ. ಹಳೇ ಹೊಲಿಗೆ ಯಂತ್ರದ ಕಬ್ಬಿಣದ ಕಾಲಿನ ಮೇಲೆ ಅಮೃತಶಿಲೆ ಇಟ್ಟು ಮಾಡಿದ ಮೇಜು. ಫೂವಾ ಊರಿನ ನೇಯ್ಗೆಯ ಚಾಪೆಗಂಬಳಿಯೊಂದನ್ನು ನೆಲಕ್ಕೆ ಹಾಸದೆ ಮಂಚದ ಹಿಂದೆ ತೂಗುಹಾಕಿದ್ದರು. ಚಾವಣಿಯಿಂದ ತಾಮ್ರದ ಜರಡಿಗಳು ಇಳಿಬಿದ್ದು, ಅವುಗಳ ತೂತಿನಿಂದ ಬೆಳಕು ಸಣ್ಣಸಣ್ಣ ಚುಕ್ಕೆಯಾಗಿ ಬಂದವರ ಮುಖದ ಮೇಲೆಲ್ಲ ಬೀಳುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ. ಅವನಿಗೆ ಆ ಕೈ ಗೊತ್ತಿತ್ತು.

ಅಫೀಫಾ ಮಾತ್ರ ಹೆಮ್ಮೆಯಿಂದ ಹೇಳಿಯೇ ಹೇಳಿದಳು. “ಎಲ್ಲಾ ನಿಮ್ಮ ನಗ್ಲಾಳ ಅಮ್ಮಂದೇ ಅಣ್ಣ! ನನ್ನ ಮನೆ ಒಂದೇ ಅಲ್ಲ, ಮೂಲೆಯ ಔಷಧಿ ಅಂಗಡಿಯವರ ಮನೆ, ಆ ಮೇಷ್ಟ್ರ ಮಗಳ ಮನೆ... ಮದುವೆ ಆಗೋ ಹುಡುಗೀರೆಲ್ಲ ಇವಳ ಹಿಂದೇನೇ. ಶುಕ್ರವಾರ ಸಂತೆಗೆ ಇವಳ ಜೊತೆ ಹೋಗೋದೇ ಅವರಿಗೊಂದು ಮೋಜು. ನಿಮ್ಮನೆ ಇನ್ನೂ ಎಷ್ಟು ಚೆನ್ನಾಗಿರ್ಬೇಕು! ನಾನೇ ಕೆಳಗಿಳಿದು ಬಂದಿಲ್ಲ ನೋಡಿ, ಈ ಮಂಡಿ ನೋವು.”

ವಗ್ದಿ ಏನೋ ಗೊಣಗಿದ. ಕೋಣೆಯ ಆ ತುದಿಯಲ್ಲಿ ಇನ್ಶಿರಾ ಹುಡುಗಿಯರ ಗುಂಪಿನ ನಡುವೆ ಕೂತು, ಕೈ ಆಡಿಸಿ ಏನೋ ಹೇಳುತ್ತ ಜೋರಾಗಿ ನಗುತ್ತಿದ್ದಳು. ಆ ನಗುವನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ.

ಮೆಟ್ಟಿಲಿಳಿಯುವಾಗ ಅವನು ಕೇಳಿದ. “ಊರವರ ಮನೇಲೆಲ್ಲ ಮಾಡಿದೀಯ. ನಮ್ಮನೇಲಿ ಯಾಕೆ ಮಾಡ್ಲಿಲ್ಲ?”

“ನಮ್ಮನೇಲಿ ಎಲ್ಲಾ ಇದೆಯಲ್ಲ,” ಅಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ಅವತ್ತು ನಾನು ಹಾಗೆ ಮಾಡ್ಬಾರ್ದಿತ್ತು.”

“ಬಿಡು ನಗ್ಲಾಳ ಅಪ್ಪ. ಯಾವ ಕಾಲದ್ದು.”

“ಬೈದಾದ್ರೂ ಬಿಡೇ.”

ಇನ್ಶಿರಾ ಕಟಕಟೆ ಹಿಡಿದು ನಿಂತಳು. “ಬೈಗುಳ ಅವತ್ತು ಬಂದಿತ್ತು, ಬಾಯಿ ತನಕ. ಚಹಾ ತಂದು ನೋಡಿದ್ರೆ ನೀನೇ ಇರ್ಲಿಲ್ಲ. ಇವಾಗ ಕೇಳಿದ್ರೆ ಎಲ್ಲಿಂದ ತರ್ಲಿ?”

ಮರುದಿನವೇ ವಗ್ದಿ ಅತ್ತಾರೀನ್ ಬೀದಿಗೆ ಹೋದ. ಒಂದೊಂದು ಅಂಗಡಿಯನ್ನೂ ಹೊಕ್ಕು ಹೊರಬಂದ. ಹೋದ ಸಾಮಾನು ಅಲ್ಲಿರುವುದಿಲ್ಲವೆಂದು ಅವನಿಗೇನು ಗೊತ್ತಿರಲಿಲ್ಲವೇ? ಆದರೂ ಹೋದ. ಕೊನೆಗೆ ಮುದುಕ ವ್ಯಾಪಾರಿಯೊಬ್ಬ ಕನಿಕರದಿಂದ ಸ್ಟೂಲು ಕೊಟ್ಟು ಕೂರಿಸಿದ.

“ಕಿಟಕಿ ಗಾಜು ಅಂದ್ರಲ್ಲ, ಯಾವ ಬಣ್ಣದ್ದು?”

“ಬಣ್ಣಬಣ್ಣದ್ದು.”

“ಅದು ಸರಿ ಹಾಜಿ. ಕೆಂಪು ಜಾಸ್ತಿಯೋ, ಹಸಿರೋ? ನಡುವೆ ಹೂವಿತ್ತೋ, ಹಕ್ಕಿಯೋ?”

ವಗ್ದಿ ಬಾಯಿ ತೆರೆದ. ಎಷ್ಟೋ ವರ್ಷ ಅದೇ ಕಿಟಕಿಯ ಪಕ್ಕ ಕೂತು ಊಟ ಮಾಡಿದ್ದ, ಅದೇ ಬೆಳಕಿನಲ್ಲಿ ಪೇಪರು ಓದಿದ್ದ. ಕಣ್ಣು ಮುಚ್ಚಿ ನೆನೆದ. ಮಗಳ ಹಾಲಿನ ಲೋಟ ಕಂಡಿತು, ಮೇಜಿನ ಮೇಲೆ ಬಿದ್ದ ಬೆಳಕು ಕಂಡಿತು, ಗಾಜು ಮಾತ್ರ ಕಾಣಲಿಲ್ಲ. ಅದರಲ್ಲಿ ಏನಿತ್ತೆಂದು ಅವನು ಒಂದು ದಿನವೂ ನೋಡಿಯೇ ಇರಲಿಲ್ಲ.

ಬರಿಗೈಯಲ್ಲಿ ಹೋಗಲಾರದೆ, ಮುತ್ತಿನ ಚಿಪ್ಪಿನ ಕುಸುರಿ ಅಂಚಿನ ಹಳೇ ಕನ್ನಡಿಯೊಂದನ್ನು ಕೊಂಡು ತಂದು, ತಾನೇ ಮೊಳೆ ಹೊಡೆದು ನಡುಮನೆಯಲ್ಲಿ ತೂಗುಹಾಕಿದ. ಅದು ಒಂದು ಕಡೆಗೆ ವಾಲಿತ್ತು, ತೀರ ಎತ್ತರದಲ್ಲಿಯೂ ಇತ್ತು. ಅದು ಅವನಿಗೂ ಕಾಣುತ್ತಿತ್ತು. ಬೇಕೆಂದೇ ಹಾಗೆ ಬಿಟ್ಟ. ಇನ್ಶಿರಾ ಬಂದಾಳು, ತಲೆ ಓರೆಮಾಡಿ ನೋಡಿಯಾಳು, “ಏನಿದು ಕುರುಡನ ಕೆಲಸ, ತೆಗಿ ತೆಗಿ,” ಎಂದು ಸುತ್ತಿಗೆ ಕಿತ್ತುಕೊಂಡಾಳು ಎಂದು ಕಾದ.

ಅವಳು ಬಂದು ನೋಡಿದಳು. “ಚೆನ್ನಾಗಿದೆ,” ಅಂದಳು. ಅಡುಗೆಮನೆಗೆ ಹೋಗಿ ಮುಲೂಖಿಯಾ ಸೊಪ್ಪು ಹೆಚ್ಚಲು ಕೂತಳು. ಕನ್ನಡಿ ವಾಲಿದ ಹಾಗೆಯೇ ಉಳಿಯಿತು.

ಅಲ್ಲಿಂದಾಚೆ ವಗ್ದಿ ಕಾಫಿ ಅಂಗಡಿಗೆ ಹೋಗುವುದು ಕಡಿಮೆಯಾಯಿತು. ಶುಕ್ರವಾರ ಅವಳು ಹೊರಟರೆ, “ಚೀಲ ನಾನು ಹಿಡ್ಕೋತೀನಿ,” ಎಂದು ತಾನೂ ಹೊರಡತೊಡಗಿದ. ಅವಳು ಬೇಡವೆನ್ನಲಿಲ್ಲ. ಸಂತೆಯ ಜನಜಂಗುಳಿಯಲ್ಲಿ ಅವಳು ಮುಂದೆ, ಚೀಲ ಹೊತ್ತು ಇವನು ಹಿಂದೆ. ಯಾವುದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾಳೆ, ಯಾವುದನ್ನು ಬೆರಳಲ್ಲಿ ತಟ್ಟಿ ಕೇಳುತ್ತಾಳೆ, ಎಲ್ಲವನ್ನೂ ಈಗ ನೋಡುತ್ತಿದ್ದ. ಆ ಚಳಿಗಾಲ ಮೇಷ್ಟ್ರ ಎರಡನೇ ಮಗಳ ಹೊಸ ಮನೆಯನ್ನು ಅವಳು ಸಿಂಗರಿಸುವಾಗ, ಏಣಿ ಹಿಡಿಯಲು ಅವನೇ ನಿಂತ.

“ಗಟ್ಟಿಯಾಗಿ ಹಿಡಿಯೋ, ಎಲ್ಲಿ ನೋಡ್ತಿದೀಯ?” ಅಂದಳು ಇನ್ಶಿರಾ ಮೇಲಿನಿಂದ.

“ನೀನು ಮಾಡ್ತಿರೋದನ್ನ.”

“ನೋಡು, ನೋಡು. ಆ ಹಗ್ಗ ಕೊಡು ಮೊದ್ಲು.”

ಕೊಟ್ಟ. ಕೋಣೆ ಅವನ ಕಣ್ಣೆದುರೇ ಬೇರೆಯಾಗುತ್ತ ಬಂತು. ಮದುಮಗಳು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಆ ಮನೆಯ ಹುಡುಗ, ಇನ್ನೂ ಗಂಡನಾಗದ ಗಂಡ, ಹೊಸ ಪರದೆಯ ಅಂಚನ್ನು ಮುಟ್ಟಿಮುಟ್ಟಿ, “ಇದು ಹೇಗೆ ಹೊಲಿದ್ರಿ ಅಮ್ಮ, ಹೇಳ್ಕೊಡಿ,” ಎಂದು ಕೇಳುತ್ತಿದ್ದ. ಅವನಿಗೆ ಏನೋ ಹೇಳಬೇಕೆಂದು ವಗ್ದಿಗೆ ಅನಿಸಿತು. ಏಣಿಯನ್ನು ಎತ್ತಿ ಗೋಡೆಗೆ ಒರಗಿಸಿದ.

ಕೆಲಸ ಮುಗಿದ ಮೇಲೆ ಇಬ್ಬರೂ ಟ್ರಾಮು ಹಿಡಿದು ತಮ್ಮ ಮನೆಗೆ ಬಂದರು. ಇನ್ಶಿರಾ ದಣಿದಿದ್ದಳು. ಚಿನ್ನದ ಕುರ್ಚಿಯ ಮೇಲಿನ ಬಿಳಿ ಬಟ್ಟೆಯನ್ನು ಸರಿಮಾಡಿ, ಅದರ ಮೇಲೆ ಕೂತು ಕಣ್ಣು ಮುಚ್ಚಿದಳು. ಚಹಾ ಮಾಡಲು ವಗ್ದಿಯೇ ಒಳಗೆ ಹೋದ.