ಊರು ಬಿಟ್ಟವರ ಸರ್‌ನೇಮ್

ನಮ್ಮ ಕಡೆ ಹೆಸರಿಗೆ ಮೊದಲು ಊರಿನ ಇನಿಷಿಯಲ್ ಇರುತ್ತೆ. ಪಾಸ್‌ಪೋರ್ಟ್ ಅರ್ಜೀಲಿ ಇನಿಷಿಯಲ್ ಬಿಡಿಸಿ ಬರೀರಿ ಅಂದಾಗ ನಾನು ಸರ್‌ನೇಮ್ ಅನ್ನೋ ಜಾಗದಲ್ಲಿ ಹೊಸಕೆರೆ ಅಂತ ತುಂಬಿಬಿಟ್ಟೆ. ಹಾಗಾಗಿ ಇಲ್ಲಿ ಇಂಗ್ಲಿಷರ ದೇಶದಲ್ಲಿ, ಅಕ್ಸ್‌ಬ್ರಿಡ್ಜ್ ಕಡೆಯ ಆಸ್ಪತ್ರೇಲಿ ನಾನು ಫಿಸಿಯೋಥೆರಪಿಸ್ಟ್ ಮಿಸ್ಟರ್ ಹೊಸಕೆರೆ. ನಮ್ಮೂರಲ್ಲಿದ್ದಾಗಲೂ ನಮ್ಮೂರ ಹೆಸರನ್ನ ದಿನಕ್ಕೆ ಇಷ್ಟು ಸಲ ಕೇಳಿರಲಿಲ್ಲ.

ಮೊನ್ನೆ ಮಂಡಿ ಆಪರೇಷನ್ ಆದ ಬ್ರ್ಯಾಡ್ಲಿ ಅನ್ನೋ ಅಜ್ಜ, ಕಾಲು ಮಡಿಸೋದು ಬಿಟ್ಟು ನನ್ನ ಬ್ಯಾಡ್ಜ್ ನೋಡ್ತಾ ಕೂತಿದ್ರು. ಅದು ನಮ್ಮೂರ ಹೆಸರು ಅಂದೆ.

“ನಂದೂ ಊರ ಹೆಸರೇ ಕಣಯ್ಯಾ,” ಅಂದ್ರು. “ಕಾಡು ಕಡಿದ ಅಗಲವಾದ ಬಯಲು ಅಂತ ಅರ್ಥ. ನಮ್ಮ ವಂಶದವನು ಯಾವನೋ ಬ್ರ್ಯಾಡ್ಲಿ ಬಿಟ್ಟು ಬೇರೆ ಊರಿಗೆ ಹೋದ. ಅಲ್ಲಿಯವರು ಬ್ರ್ಯಾಡ್ಲಿಯವನು ಅಂತ ಕರೆದ್ರು, ಅದೇ ಅಂಟಿಕೊಳ್ತು. ಊರಲ್ಲೇ ಇದ್ದಿದ್ರೆ ಈ ಹೆಸರು ಬರ್ತಿರಲಿಲ್ಲ. ಅಲ್ಲಿ ಎಲ್ರೂ ಬ್ರ್ಯಾಡ್ಲಿಯವರೇ ಅಲ್ವಾ?”

ಹೊಸಕೆರೇಲಿ ನಾನು ಬರೀ ಟೈಲರ್ ನಾಗಣ್ಣನ ಮಗ. ಕೆರೆ ಏರಿ ಮೇಲಿಂದ ಯಾರಾದ್ರೂ ಹಾಗೆ ಕೂಗಲಿ ಅಂತ ಎಷ್ಟೋ ಸಲ ಅನ್ನಿಸಿದೆ.

“ನೀವು ಆ ಊರು ನೋಡಿದೀರಾ?” ಅಂತ ಕೇಳಿದೆ.

“ಇಲ್ಲ. ಟ್ರೇನಲ್ಲಿ ಮೂರು ಗಂಟೆ. ಮಂಡಿ ಸರಿಹೋದ್ರೆ ಮೊದಲು ಅಲ್ಲಿಗೇ. ನೀನು ನಿಮ್ಮೂರಿಗೆ ಕೊನೇ ಸಲ ಯಾವಾಗ ಹೋಗಿದ್ದೆ?”

“ಹನ್ನೊಂದು ವರ್ಷ ಆಯ್ತು.”

ಅಜ್ಜ ನನ್ನ ಕಾಲನ್ನೇ ನೋಡಿದ್ರು. “ನಿನ್ನ ಮಂಡಿಗೇನಾಗಿದೆ?”

ಇಷ್ಟು ವರ್ಷದ ಸರ್ವೀಸಲ್ಲಿ ಪೇಷಂಟೊಬ್ರು ನನ್ನನ್ನ ಪರೀಕ್ಷೆ ಮಾಡಿದ್ದು ಅದೊಂದೇ ಸಲ. ಎರಡೂ ಮಂಡಿ ಚೆನ್ನಾಗೇ ಇವೆ ಅಂತ ಒಪ್ಪಿಕೊಳ್ಳಬೇಕಾಯ್ತು.